ಜನತಾ ಕಾರಿನ ಏಳುಬೀಳು

ವಾರಕ್ಕೆ 5 ಮಾರ್ಕ್ ಕಟ್ಟುತ್ತ ಬಂದರೆ ಸಾಕು, ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮನೆಯ ಬಾಗಿಲಿಗೆ ಸ್ವಂತ ಮೋಟಾರು ಬಂದು ನಿಲ್ಲುವುದು! 1938ನೆಯ ಇಸವಿಯಲ್ಲಿ ಜರ್ಮನಿಯ ಶ್ರೀಸಾಮಾನ್ಯನಿಗೆ ಅಲ್ಲಿನ ನಾಜಿ ಸರ್ಕಾರ ತೋರಿಸಿದ ಆಸೆ ಇದು. ಹಣ ಕಟ್ಟಿದ್ದಕ್ಕೆ ಗುರುತಾಗಿ ಅಂಚೆಚೀಟಿಯನ್ನು ಹೋಲುವ ಚೀಟಿಗಳು ದೊರೆಯುತ್ತಿದ್ದವು. ಅವನ್ನು ಒಂದು ಪುಸ್ತಕದಲ್ಲಿ ಸಾಲಾಗಿ ಅಂಟಿಸಿಕೊಂಡು ಹೋಗಬೇಕು. ಪುಸ್ತಕ ತುಂಬಿದವರಿಗೆ ಕಾರು. ಬೆಲೆ 990 ಮಾರ್ಕ್. ಕಟ್ಟಿದ ಹಣಕ್ಕೆ ಬಡ್ಡಿಯಿಲ್ಲ; ನಡುವೆ ಕಂತು ನಿಲ್ಲಿಸಿದವನಿಗೆ ಕೊಟ್ಟದ್ದು ಹಿಂದಿರುಗುವ ಭರವಸೆಯೂ ಇಲ್ಲ. ಆದರೂ ಸುಮಾರು 3,36,000 ಮಂದಿ ಚೀಟಿಗಳನ್ನು ಕೊಂಡು ಅಂಟಿಸಿದರು. ಅವರಲ್ಲಿ ಒಬ್ಬನಿಗಾದರೂ ಕಾರು ದೊರೆಯಲಿಲ್ಲ. ನಮ್ಮ ಊರುಗಳಲ್ಲಿ ಚೀಟಿ ನಡೆಸಿ ತಲೆಮರೆಸಿಕೊಂಡವರುಂಟು. ಆದರೆ ಒಂದು ಸರ್ಕಾರವೇ ತನ್ನ ಪ್ರಜೆಗಳಿಗೆ ಈ ಬಗೆಯಾಗಿ ಚೀಟಿ ಹಾಕಿಸಿ ಕೈಯೆತ್ತಿದ ನಿದರ್ಶನ ಅಪರೂಪವೇ ಸರಿ.

ಫೋಕ್ಸ್‌ವ್ಯಾಗನ್ ಎಂಬ ಸಂಸ್ಥೆ ಜನ್ಮ ತಾಳಿದ್ದು ಈ ಹುಸಿಮಾತಿನ ತೊಟ್ಟಿಲಲ್ಲಿ. ‘ಫೋಕ್’ ಎಂದರೆ ಜನ, ‘ವಾಗನ್’ ಎಂದರೆ ಬಂಡಿ. ಒಟ್ಟಿನಲ್ಲಿ ಜನತಾ ಕಾರು. ಜರ್ಮನಿಯ ಇತರ ಹೆಸರಾಂತ ಮೋಟಾರುಗಳ ಕೀರ್ತಿ ವೇಗವನ್ನೋ ವೈಭವವನ್ನೋ ನೆಮ್ಮಿ ನಿಂತಿದ್ದರೆ, ಈ ಸಂಸ್ಥೆಯ ಕೀರ್ತಿ ನಿಂತದ್ದು ಕೊಂಡವನ ನಂಬಿಕೆಯ ಮೇಲೆ. ಆ ನಂಬಿಕೆಯನ್ನು ಬೂದಿಯೊಳಗಿಂದ ಎತ್ತಿ ನಿಲ್ಲಿಸಿದವರು ಯಾರು, ಮುಂದೆ ಅದನ್ನು ಕೈಯಾರ ಕೆಡವಿದವರು ಯಾರು ಎಂಬುದೇ ಈ ಸಂಸ್ಥೆಯ ಚರಿತ್ರೆಯ ಸಾರ.

ಕಾರಿನ ಜನಕರು

ಜನತಾ ಕಾರಿನ ಕಲ್ಪನೆ ಹಿಟ್ಲರನದೆಂದು ಹೇಳುವ ವಾಡಿಕೆಯಿದೆ. ಇದು ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ ಹೆನ್ರಿ ಫೋರ್ಡ್ ಅಗ್ಗದ ಕಾರನ್ನು ಮನೆಮನೆಗೆ ಮುಟ್ಟಿಸಿದ್ದನ್ನು ಕಂಡ ಹಲವು ಯುರೋಪಿಯನ್ ಎಂಜಿನಿಯರುಗಳು ಇದೇ ಕನಸನ್ನು ಕಾಣುತ್ತಿದ್ದರು. ಅವರಲ್ಲಿ ಯೋಸೆಫ್ ಗಾಂಝ್ ಒಬ್ಬರು. ‘ಮೋಟೋರ್ ಕ್ರಿಟಿಕ್’ ಎಂಬ ಪತ್ರಿಕೆಯ ಸಂಪಾದಕರಾಗಿದ್ದ ಇವರು ಹಗುರವಾದ, ಹಿಂಭಾಗದಲ್ಲಿ ಎಂಜಿನ್ ಇರುವ ಪುಟ್ಟ ಕಾರನ್ನು ಕುರಿತು ಬರೆದುದಷ್ಟೇ ಅಲ್ಲ, ಅಂಥ ಗಾಡಿಗಳನ್ನು ಮಾಡಿಯೂ ತೋರಿಸಿದ್ದರು. ಆದರೆ ಗಾಂಝ್ ಯೆಹೂದ್ಯರು. 1933ರಲ್ಲಿ ನಾಜಿಗಳು ಅವರನ್ನು ಸೆರೆಹಿಡಿದರು. ಬಿಡುಗಡೆಯಾದ ಮೇಲೆ ಅವರು ದೇಶವನ್ನೇ ತೊರೆದು ಕಡೆಗೆ ಆಸ್ಟ್ರೇಲಿಯದಲ್ಲಿ 1967ರಲ್ಲಿ ತೀರಿಕೊಂಡರು. ಲೋಕ ಅವರನ್ನು ಬಹುಮಟ್ಟಿಗೆ ಮರೆತೇಬಿಟ್ಟಿತ್ತು.

ಕಾರಿಗೆ ಕೊನೆಯ ರೂಪವನ್ನು ಕೊಟ್ಟವರು ಫರ್ಡಿನಾಂಡ್ ಪೋರ್ಷೆ. 1875ರಲ್ಲಿ ಬೊಹೀಮಿಯಾ ಪ್ರಾಂತದಲ್ಲಿ ಹುಟ್ಟಿದ ಪೋರ್ಷೆ 1931ರಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ತಮ್ಮದೇ ಆದ ವಿನ್ಯಾಸ ಕಚೇರಿಯನ್ನು ತೆರೆದಿದ್ದರು. 1934ರ ಜೂನ್‌ನಲ್ಲಿ ಜನತಾ ಕಾರನ್ನು ರೂಪಿಸುವ ಒಪ್ಪಂದ ಅವರ ಕೈ ಸೇರಿತು. ಹಿಟ್ಲರ್ ವಿಧಿಸಿದ ನಿಯಮಗಳು ಸುಲಭದವಾಗಿರಲಿಲ್ಲ. ತಂದೆ ತಾಯಿ ಮೂವರು ಮಕ್ಕಳು ಕೂಡುವಂತಿರಬೇಕು, ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ದಣಿಯದೆ ಓಡಬೇಕು, ಪೆಟ್ರೋಲು ಹೆಚ್ಚು ಕುಡಿಯಬಾರದು, ಬೆಲೆ 1,000 ಮಾರ್ಕ್ ದಾಟಬಾರದು. ಬಡವನ ಮನೆಯಲ್ಲಿ ಕಾರಿಗೆ ಕೊಟ್ಟಿಗೆ ಎಲ್ಲಿಂದ ಬರಬೇಕು? ಚಳಿಗಾಲದ ರಾತ್ರಿಯೆಲ್ಲ ಬೀದಿಯಲ್ಲಿ ನಿಂತ ಗಾಡಿಯ ಎಂಜಿನ್ನಿನಲ್ಲಿ ನೀರಿದ್ದರೆ ಅದು ಹೆಪ್ಪುಗಟ್ಟಿ ಲೋಹವನ್ನೇ ಸೀಳುತ್ತದೆ. ಆದುದರಿಂದ ಪೋರ್ಷೆ ನೀರಿನ ಗೊಡವೆಯನ್ನೇ ಬಿಟ್ಟು ಗಾಳಿಯಿಂದ ತಂಪಾಗುವ ಎಂಜಿನ್ನನ್ನು ಹಿಂಬದಿಯಲ್ಲಿ ಕೂರಿಸಿದರು. ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿದ್ದವು. ಗಾಳಿಯನ್ನು ಸೀಳಿಕೊಂಡು ಹೋಗಲೆಂದು ಕೊಟ್ಟ ಗುಂಡಗಿನ ಬೆನ್ನು ಜೀರುಂಡೆಯನ್ನು ನೆನಪಿಗೆ ತರುತ್ತಿತ್ತು. ಮುಂದೆ ಲೋಕವೆಲ್ಲ ಅದನ್ನು ಕರೆದದ್ದು ‘ಬೀಟಲ್’, ಅಂದರೆ ಜೀರುಂಡೆ, ಎಂದೇ.

ಕಾರ್ಖಾನೆಗೆ 1938ರ ಮೇ 26ರಂದು, ಫಾಲರ್ಸ್‌ಲೇಬೆನ್ ಎಂಬ ಊರಿನ ಬಳಿ ಕಾಲುವೆಯೊಂದರ ದಡದಲ್ಲಿ, ಹಿಟ್ಲರನೇ ಅಸ್ತಿಭಾರದ ಕಲ್ಲನ್ನಿಟ್ಟ. ಅದಕ್ಕೆ ಬೇಕಾದ ಹಣ ಬಂದದ್ದು ನಾಜಿಗಳು ಕಾರ್ಮಿಕ ಸಂಘಗಳಿಂದ ಕಿತ್ತುಕೊಂಡ ಆಸ್ತಿಯಿಂದ. ಮರುವರ್ಷವೇ ಯುದ್ಧ ಹೊತ್ತಿಕೊಂಡಿತು. ಜನತೆಗೆಂದು ಕಟ್ಟಿದ ಕಾರ್ಖಾನೆಯಿಂದ ಸೇನೆಯ ವಾಹನಗಳು ಹೊರಬಂದವು, ಲಂಡನ್ನಿನ ಮೇಲೆ ಹಾರಿಬಿಟ್ಟ ವಿ-1 ಬಾಂಬುಗಳ ಭಾಗಗಳೂ ತಯಾರಾದವು. ಯುದ್ಧ ಮುಗಿಯುವವರೆಗೆ ಸಿದ್ಧವಾದ ನಾಗರಿಕ ಕಾರುಗಳು ಸುಮಾರು 630 ಮಾತ್ರ. ಅವೂ ಅಧಿಕಾರಿಗಳ ಪಾಲಾದವು.

ಕೆಲಸ ಮಾಡಿದವರಾರು? ಪೋಲೆಂಡ್, ಸೋವಿಯತ್ ದೇಶಗಳಿಂದ ಹಿಡಿದು ತಂದ ಗಂಡಸರು ಹೆಂಗಸರು, ಯುದ್ಧ ಕೈದಿಗಳು, ಯಾತನಾ ಶಿಬಿರಗಳ ಬಂದಿಗಳು. ಯುದ್ಧಕಾಲದಲ್ಲಿ ಹೀಗೆ ಬಲವಂತದ ದುಡಿಮೆಗೆ ಒಳಗಾದವರ ಸಂಖ್ಯೆ ಸುಮಾರು 20,000. ಈ ಹೆಂಗಸರಿಗೆ ಹುಟ್ಟಿದ ಕೂಸುಗಳನ್ನು ತಾಯಂದಿರಿಂದ ಬೇರ್ಪಡಿಸಿ ಒಂದು ‘ಶಿಶುಗೃಹ’ದಲ್ಲಿ ಇಡುತ್ತಿದ್ದರು. ರ್‍ಯೂಹೆನ್ ಎಂಬ ಹಳ್ಳಿಗೆ ಸ್ಥಳಾಂತರವಾದ ಆ ಗೃಹದಲ್ಲಿ ಆರೈಕೆಯಿಲ್ಲದೆ, ಹೊಲಸಿನಲ್ಲಿ, 300ಕ್ಕೂ ಹೆಚ್ಚು ಹಸುಗೂಸುಗಳು ಸತ್ತವು. ಹೊಣೆ ಹೊತ್ತಿದ್ದ ಕಾರ್ಖಾನೆಯ ವೈದ್ಯನನ್ನು ಬ್ರಿಟಿಷ್ ಸೈನಿಕ ನ್ಯಾಯಾಲಯ ಗಲ್ಲಿಗೇರಿಸಿತು. ಸಂಸ್ಥೆ ಮಾತ್ರ ಈ ವಿಷಯವಾಗಿ ನಾಲ್ಕು ದಶಕಗಳ ಕಾಲ ತುಟಿ ಬಿಚ್ಚಲಿಲ್ಲ. 1986ರಲ್ಲಿ ಹಾನ್ಸ್ ಮಾಮ್‌ಸೆನ್ ಎಂಬ ಇತಿಹಾಸಕಾರರಿಗೆ ಹಳೆಯ ಕಡತಗಳನ್ನು ಶೋಧಿಸುವ ಕೆಲಸ ಒಪ್ಪಿಸಿತು. ಹತ್ತು ವರ್ಷದ ಮೇಲೆ ಅವರೂ ಮಾನ್‌ಫ್ರೆಡ್ ಗ್ರೀಗರ್ ಅವರೂ ಕೂಡಿ ಬರೆದ ಸಾವಿರ ಪುಟಗಳಿಗೂ ಮೀರಿದ ಗ್ರಂಥ ಹೊರಬಂದಿತು. ಬದುಕುಳಿದವರಿಗೆ ನೆರವು ನೀಡಲು 1998ರಲ್ಲಿ 2 ಕೋಟಿ ಮಾರ್ಕ್‌ಗಳ ನಿಧಿಯೂ ಏರ್ಪಟ್ಟಿತು. ತಡವಾಗಿ ಬಂದ ಈ ಪ್ರಾಮಾಣಿಕತೆ ಹೊಗಳಿಕೆಗೆ ಅರ್ಹವೇ ಆದರೂ, ಅಷ್ಟು ಹೊತ್ತಿಗೆ ನೊಂದವರಲ್ಲಿ ಬಹುಮಂದಿ ಮಣ್ಣು ಸೇರಿದ್ದರೆಂಬುದನ್ನು ಮರೆಯುವಂತಿಲ್ಲ.

ಶತ್ರುವಿನ ಕೈಯಲ್ಲಿ ಪುನರ್ಜನ್ಮ

1945ರ ಆಗಸ್ಟ್ ತಿಂಗಳಲ್ಲಿ ಬಾಂಬುಗಳಿಂದ ಮಾಡು ಹಾರಿಹೋಗಿದ್ದ ಕಾರ್ಖಾನೆಗೆ ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್ ಬಂದಿಳಿದರು. ವಯಸ್ಸು 29, ಯಾರ್ಕ್‌ಶೈರಿನ ಕಡೆಯವರು, ವೃತ್ತಿಯಿಂದ ಎಂಜಿನಿಯರ್. ಊರಿನ ಹೆಸರು ಆಗಷ್ಟೇ ವುಲ್ಫ್ಸ್‌ಬರ್ಗ್ ಎಂದು ಬದಲಾಗಿತ್ತು. ಸೇನೆಯ ಕೆಟ್ಟ ವಾಹನಗಳನ್ನು ಅಲ್ಲಿ ದುರಸ್ತಿ ಮಾಡಿಸುವುದು ಹರ್ಸ್ಟ್‌ಗೆ ವಹಿಸಿದ್ದ ಕೆಲಸ. ಯಂತ್ರಗಳನ್ನೆಲ್ಲ ಬಿಚ್ಚಿ ಯುದ್ಧಪರಿಹಾರವಾಗಿ ಸಾಗಿಸುವ ಮಾತೂ ನಡೆದಿತ್ತು.

ಹರ್ಸ್ಟ್‌ಗೆ ಕಾರ್ಖಾನೆಯಲ್ಲಿ ಹಳೆಯ ಜೀರುಂಡೆ ಕಾರೊಂದು ಸಿಕ್ಕಿತು. ಅದಕ್ಕೆ ಸೇನೆಯ ಹಸಿರು ಬಣ್ಣ ಬಳಿಸಿ ತಮ್ಮ ಮೇಲಧಿಕಾರಿಗಳ ಮುಂದೆ ತಂದು ನಿಲ್ಲಿಸಿದರು. ಆಕ್ರಮಿತ ಜರ್ಮನಿಯಲ್ಲಿ ಓಡಾಡಲು ವಾಹನಗಳಿಲ್ಲದೆ ಕಂಗೆಟ್ಟಿದ್ದ ಸೇನೆ 20,000 ಕಾರುಗಳಿಗೆ ಬೇಡಿಕೆ ಸಲ್ಲಿಸಿತು. ಈ ಒಂದು ಆದೇಶದಿಂದ ಕಾರ್ಖಾನೆಯ ಪ್ರಾಣ ಉಳಿಯಿತು. ಉಕ್ಕಿಲ್ಲ, ಕಲ್ಲಿದ್ದಲಿಲ್ಲ, ಕೆಲಸಗಾರರಿಗೆ ಹೊಟ್ಟೆ ತುಂಬ ಅನ್ನವೂ ಇಲ್ಲದ ಕಾಲ. ಆದರೂ 1945ರ ಡಿಸೆಂಬರ್ 27ರಂದು ತಯಾರಿಕೆ ಆರಂಭವಾಯಿತು. ಮರುವರ್ಷದ ಮಾರ್ಚ್ ಹೊತ್ತಿಗೆ ತಿಂಗಳಿಗೆ 1,000 ಕಾರುಗಳಾಗತೊಡಗಿದವು. ಮಾಡಿದ ಕಾರು ಚೆನ್ನಾಗಿರಬೇಕು, ಕೆಟ್ಟರೆ ದುರಸ್ತಿಗೆ ವ್ಯವಸ್ಥೆಯಿರಬೇಕು ಎಂಬ ಹಟವನ್ನು ಕಾರ್ಖಾನೆಗೆ ಅಂಟಿಸಿದವರೂ ಹರ್ಸ್ಟ್ ಅವರೇ. ಇದೇ ಸಮಯದಲ್ಲಿ ಈ ಕಾರನ್ನು ಪರೀಕ್ಷಿಸಿದ ಬ್ರಿಟಿಷ್ ಮೋಟಾರು ತಜ್ಞರು ಇದು ಸಾಮಾನ್ಯ ಗಿರಾಕಿಯನ್ನು ಆಕರ್ಷಿಸಲಾರದೆಂದು ತೀರ್ಪಿತ್ತರು. ತಜ್ಞರ ಭವಿಷ್ಯವಾಣಿಗಳ ಪಟ್ಟಿಯಲ್ಲಿ ಇದಕ್ಕೊಂದು ವಿಶೇಷ ಸ್ಥಾನ ಸಲ್ಲಬೇಕು.

1948ರ ಜನವರಿಯಲ್ಲಿ ಆಡಳಿತದ ಹೊಣೆ ಹೈನ್‌ರಿಖ್ ನಾರ್ಡ್‌ಹಾಫ್ ಅವರ ಹೆಗಲೇರಿತು. ಯುದ್ಧಕಾಲದಲ್ಲಿ ಓಪೆಲ್ ಸಂಸ್ಥೆಯ ಲಾರಿ ಕಾರ್ಖಾನೆಯನ್ನು ನಡೆಸಿದ್ದ ಇವರಿಗೆ ಅಮೆರಿಕನ್ ವಲಯದಲ್ಲಿ ಕೆಲಸವಿಲ್ಲವೆಂದಾಗ ಬ್ರಿಟಿಷರು ಕರೆದು ಕೂರಿಸಿದ್ದರು. ಮರುವರ್ಷ ಹರ್ಸ್ಟ್ ಕಾರ್ಖಾನೆಯಿಂದ ತೆರಳಿದರು. ಸಂಸ್ಥೆ ಜರ್ಮನರ ಕೈಗೆ ಮರಳಿತು. ನಾರ್ಡ್‌ಹಾಫ್ ಕಾರಿನ ಹೊರಮೈಯನ್ನು ಬದಲಿಸುವ ಗೋಜಿಗೆ ಹೋಗಲಿಲ್ಲ. ವರ್ಷವರ್ಷವೂ ಹೊಸ ಮಾದರಿ ತಂದು ಹಳೆಯದನ್ನು ಹಳಸಲು ಮಾಡುವುದು ಅಮೆರಿಕದವರ ರೀತಿ. ಇವರದು ಒಳಗಿನ ತಿರುಪು ಬುಗುರಿಗಳನ್ನು ಒಂದೊಂದಾಗಿ ತಿದ್ದುವ ರೀತಿ. ಮತ್ತೊಂದು ನಿಯಮವನ್ನೂ ಅವರು ಬಿಡಲಿಲ್ಲ: ಯಾವ ದೇಶಕ್ಕಾದರೂ ಸರಿ, ಬಿಡಿಭಾಗಗಳೂ ಪಳಗಿದ ಮೆಕ್ಯಾನಿಕ್ಕುಗಳೂ ಮೊದಲು ಹೋಗಬೇಕು, ಕಾರು ಆಮೇಲೆ. 1955ರ ಆಗಸ್ಟ್ 5ರಂದು ಹತ್ತು ಲಕ್ಷದ ಜೀರುಂಡೆ ಬಂಗಾರದ ಬಣ್ಣ ಬಳಿದುಕೊಂಡು ಹೊರಬಂದಿತು.

ಚೀಟಿ ಅಂಟಿಸಿದ್ದವರ ಗತಿಯೇನಾಯಿತು? ಅವರ ಹಣ ಬರ್ಲಿನ್ನಿನ ಬ್ಯಾಂಕಿನಲ್ಲಿದ್ದು ಯುದ್ಧಾಂತ್ಯದಲ್ಲಿ ರಷ್ಯನ್ನರ ವಶವಾಗಿತ್ತು. ತಮ್ಮ ಕಾರು ತಮಗೆ ಬೇಕೆಂದು ಅವರು ನ್ಯಾಯಾಲಯದ ಮೆಟ್ಟಿಲೇರಿದರು. ಹತ್ತು ವರ್ಷಕ್ಕೂ ಮೀರಿ ಎಳೆದಾಡಿದ ವ್ಯಾಜ್ಯ 1961ರಲ್ಲಿ ರಾಜಿಯಾಯಿತು: ಪೂರ್ತಿ ಕಂತು ಕಟ್ಟಿದ್ದವರಿಗೆ ಹೊಸ ಕಾರಿನ ಬೆಲೆಯಲ್ಲಿ 600 ಮಾರ್ಕ್ ಕಡಿತ, ಇಲ್ಲವೇ ನಗದಾಗಿ 100 ಮಾರ್ಕ್. ಕಾನೂನಿನ ಪ್ರಕಾರ ಸಂಸ್ಥೆ ಇಷ್ಟನ್ನಾದರೂ ಕೊಡಬೇಕಾಗಿತ್ತೇ ಎಂಬುದು ವಕೀಲರ ಚರ್ಚೆ. ಕೊಟ್ಟದ್ದರಿಂದ ಹೆಸರು ಉಳಿಯಿತು.

ನಿಂಬೆಹಣ್ಣಿನ ಜಾಹೀರಾತು

ಅಮೆರಿಕದಲ್ಲಿ 1949ರಲ್ಲಿ ಮಾರಾಟವಾದ ಜೀರುಂಡೆ ಕಾರುಗಳು ಎರಡೇ ಎರಡು! ಹಡಗಿನಂಥ ಕಾರುಗಳ ನಾಡಿನಲ್ಲಿ, ಅದೂ ಹಿಟ್ಲರನ ನಂಟಿದ್ದ ಈ ಗಿಡ್ಡ ಗಾಡಿಯನ್ನು ಕೊಳ್ಳುವವರಾರು? ಆದರೆ ಹತ್ತು ವರ್ಷಗಳಲ್ಲಿ ಒಬ್ಬರಿಂದ ಒಬ್ಬರಿಗೆ ಮಾತು ಹಬ್ಬಿ ಗಿರಾಕಿಗಳು ಬೆಳೆದರು. 1959ರಲ್ಲಿ ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬ್ಯಾಕ್ ಎಂಬ ಜಾಹೀರಾತು ಸಂಸ್ಥೆ ಈ ಕಾರಿನ ಪ್ರಚಾರವನ್ನು ಕೈಗೆತ್ತಿಕೊಂಡಿತು. ಆ ಸಂಸ್ಥೆಯ ಬಿಲ್ ಬರ್ನ್‌ಬ್ಯಾಕ್ ಯೆಹೂದ್ಯರೆಂಬುದು ಗಮನಾರ್ಹ.

ಅವರು ಹೊರಡಿಸಿದ ಜಾಹೀರಾತುಗಳಲ್ಲಿ ಒಂದು ಇಂದಿಗೂ ಆ ವೃತ್ತಿಯವರ ಪಾಠವಾಗಿದೆ. ಪುಟದಲ್ಲಿ ಒಂದು ಜೀರುಂಡೆ ಕಾರಿನ ಚಿತ್ರ, ಕೆಳಗೆ ‘ನಿಂಬೆಹಣ್ಣು’ ಎಂಬ ಒಂದೇ ಪದ. ಅಮೆರಿಕನ್ನರ ಆಡುಮಾತಿನಲ್ಲಿ ಕೆಟ್ಟ ಮಾಲಿಗೆ, ಅದರಲ್ಲೂ ಕೆಟ್ಟ ಕಾರಿಗೆ, ನಿಂಬೆಹಣ್ಣೆಂದು ಹೆಸರು. ಮಾರುವವನೇ ತನ್ನ ಸರಕನ್ನು ಹೀಗಳೆಯುವುದೆಂದರೇನು! ಮುಂದೆ ಓದಿದವರಿಗೆ ವಿಷಯ ತಿಳಿಯುತ್ತಿತ್ತು: ಒಳಗಿನ ಪುಟ್ಟ ಪೆಟ್ಟಿಗೆಯ ಮೇಲಿನ ಲೋಹದ ಪಟ್ಟಿಯಲ್ಲಿ ಚಿಕ್ಕ ಕಲೆಯಿದ್ದುದರಿಂದ ಪರೀಕ್ಷಕನೊಬ್ಬ ಆ ಕಾರನ್ನು ತಿರಸ್ಕರಿಸಿದ್ದ. ವುಲ್ಫ್ಸ್‌ಬರ್ಗ್‌ನಲ್ಲಿ ದಿನಕ್ಕೆ 3,000 ಕಾರುಗಳು ತಯಾರಾದರೆ ಅವನ್ನು ಪರೀಕ್ಷಿಸುವವರೇ 3,389 ಮಂದಿ ಇದ್ದಾರೆಂದು ಜಾಹೀರಾತು ಸಾರುತ್ತಿತ್ತು. ಸುಳ್ಳು ಹೇಳಿ ಮಾರುವ ಪೇಟೆಯಲ್ಲಿ ತನ್ನ ಕುಂದನ್ನು ತಾನೇ ಹೇಳಿಕೊಂಡ ಈ ಕಾರಿಗೆ ಜನ ಮನಸೋತರು. 1968ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ 4 ಲಕ್ಷಕ್ಕೂ ಹೆಚ್ಚು ಜೀರುಂಡೆಗಳು ಮಾರಿಹೋದವು.

ಅದೇ ವರ್ಷದ ಏಪ್ರಿಲ್‌ನಲ್ಲಿ ನಾರ್ಡ್‌ಹಾಫ್ ಕಾಲವಾದರು. ಒಂದೇ ಕಾರನ್ನು ನೆಚ್ಚಿದ ಅವರ ನೀತಿಯ ದೋಷ ಆಮೇಲೆ ಬಯಲಾಯಿತು. 1972ರ ಫೆಬ್ರವರಿ 17ರಂದು ಜೀರುಂಡೆ 1,50,07,034ನೆಯ ಕಾರಿನೊಡನೆ ಫೋರ್ಡರ ‘ಟಿ’ ಮಾದರಿಯ ದಾಖಲೆಯನ್ನು ಮುರಿಯಿತು, ನಿಜ. ಆದರೆ ಜಪಾನಿನ ಕಾರುಗಳು ಪೇಟೆಗೆ ನುಗ್ಗಿದ್ದವು, ಅಪಘಾತಗಳಲ್ಲಿ ಜೀರುಂಡೆ ಸುರಕ್ಷಿತವಲ್ಲವೆಂಬ ಟೀಕೆಯೂ ಎದ್ದಿತ್ತು. 1974ರಲ್ಲಿ ಸಂಸ್ಥೆಗೆ 80 ಕೋಟಿ ಮಾರ್ಕ್‌ಗೂ ಮಿಕ್ಕ ನಷ್ಟ. ಅದೇ ವರ್ಷ ಮುಂಬದಿಯಲ್ಲಿ ನೀರಿನಿಂದ ತಂಪಾಗುವ ಎಂಜಿನ್ ಇರುವ ‘ಗಾಲ್ಫ್’ ಕಾರು ಬಂದು ಮನೆಯನ್ನು ಉಳಿಸಿತು. ಜೀರುಂಡೆಯ ಸಂತತಿ ಮಾತ್ರ ಮೆಕ್ಸಿಕೋ ದೇಶದಲ್ಲಿ ಮುಂದುವರಿದು, 2003ರ ಜುಲೈ 30ರಂದು ಅಲ್ಲಿನ ಪುಎಬ್ಲಾ ಕಾರ್ಖಾನೆಯಲ್ಲಿ ಕೊನೆಯ ಕಾರು ಹೊರಬಂದಿತು. ಒಟ್ಟು ಲೆಕ್ಕ 2,15,29,464.

ಹೊಗೆಯ ಸುಳ್ಳು

1993ರಲ್ಲಿ ಪೋರ್ಷೆಯವರ ಮೊಮ್ಮಗ ಫರ್ಡಿನಾಂಡ್ ಪೀಎಖ್ ಸಂಸ್ಥೆಯ ಮುಖ್ಯಸ್ಥರಾದರು. ಔಡಿ, ಸೆಯಾಟ್, ಸ್ಕೋಡಾ ಆಗಲೇ ಸಂಸಾರವನ್ನು ಸೇರಿದ್ದವು. ಬೆಂಟ್ಲಿ, ಲಾಂಬೋರ್ಗಿನಿ, ಬುಗಾಟಿಗಳನ್ನು ಇವರು ಕೂಡಿಸಿದರು. ಜನತಾ ಕಾರಿನ ಮನೆ ಅರಸರ ಕಾರುಗಳಿಗೂ ಯಜಮಾನನಾಯಿತು. 2007ರಲ್ಲಿ ಅಧಿಕಾರಕ್ಕೆ ಬಂದ ಮಾರ್ಟಿನ್ ವಿಂಟರ್‌ಕಾರ್ನ್ ಲೋಕದಲ್ಲೇ ಮೊದಲಿಗರಾಗುವ ಗುರಿಯಿಟ್ಟರು. ಕಾರಿನ ಬಾಗಿಲ ಸಂದಿಯ ಅಂತರವನ್ನೂ ಬೆರಳಾಡಿಸಿ ನೋಡುವಷ್ಟು ಸೂಕ್ಷ್ಮದೃಷ್ಟಿಯವರೆಂದು ಅವರಿಗೆ ಖ್ಯಾತಿ.

ಅಮೆರಿಕದ ಪೇಟೆಯನ್ನು ಮತ್ತೆ ಗೆಲ್ಲಲು ಸಂಸ್ಥೆ ‘ನಿರ್ಮಲ ಡೀಸೆಲ್’ ಎಂಬ ಘೋಷಣೆಯೊಡನೆ ಹೊರಟಿತು. ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ನೈಟ್ರೋಜನ್ನಿನ ಆಕ್ಸೈಡುಗಳೆಂಬ ಅನಿಲಗಳಿವೆ. ಇವು ಶ್ವಾಸಕೋಶಗಳಿಗೆ ಕೇಡು, ಉಬ್ಬಸವಿರುವ ಮಕ್ಕಳಿಗಂತೂ ಪ್ರಾಣಸಂಕಟ. ಅಮೆರಿಕದಲ್ಲಿ ಇದರ ಮಿತಿ ಬಹಳ ಕಟ್ಟುನಿಟ್ಟು. ಫೋಕ್ಸ್‌ವ್ಯಾಗನ್ ಕಾರುಗಳು ಸರ್ಕಾರದ ಪರೀಕ್ಷೆಗಳಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತಿದ್ದವು.

2013ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಚಿಕ್ಕ ತಂಡವೊಂದು ಡೀಸೆಲ್ ಕಾರುಗಳನ್ನು ಪ್ರಯೋಗಶಾಲೆಯ ಹೊರಗೆ, ನಿಜವಾದ ರಸ್ತೆಯಲ್ಲಿ ಪರೀಕ್ಷಿಸುವ ಕೆಲಸವನ್ನು ಕೈಗೊಂಡಿತು. ಡಾನ್ ಕಾರ್ಡರ್ ಅವರ ಮೇಲ್ವಿಚಾರಣೆಯಲ್ಲಿದ್ದ ಆ ತಂಡದಲ್ಲಿ ಮಾರ್ಕ್ ಬೆಶ್, ಅರವಿಂದ್ ತಿರುವೆಂಗಡಂ ಅವರೊಡನೆ ನಮ್ಮ ಬೆಂಗಳೂರಿನಿಂದ ಹೋದ ಹೇಮಂತ್ ಕಪ್ಪಣ್ಣ ಅವರೂ ಇದ್ದರು. ಕಾರಿನ ಹಿಂಭಾಗದಲ್ಲಿ ಅಳತೆಯ ಯಂತ್ರಗಳನ್ನು ತುಂಬಿ, ಅವಕ್ಕೆ ವಿದ್ಯುತ್ತನ್ನೊದಗಿಸಲು ಜನರೇಟರನ್ನೂ ಕಟ್ಟಿಕೊಂಡು, ಹೊಗೆಯ ಕೊಳವೆಗೆ ನಾಳ ಜೋಡಿಸಿ ಅವರು ಕ್ಯಾಲಿಫೋರ್ನಿಯದ ರಸ್ತೆಗಳಲ್ಲಿ ಓಡಾಡಿದರು. ಒಂದು ಕಾರನ್ನು ಲಾಸ್ ಏಂಜಲೀಸಿನಿಂದ ಸಿಯಾಟಲ್‌ವರೆಗೂ ಓಡಿಸಿದರು. ಯಾರನ್ನೂ ಹಿಡಿಯುವ ಉದ್ದೇಶ ಅವರಿಗಿರಲಿಲ್ಲ. ಡೀಸೆಲ್ ಶುದ್ಧವೆಂದೇ ಸಾಬೀತಾಗುವುದೆಂಬ ನಿರೀಕ್ಷೆಯಿತ್ತು. ಆದರೆ ಫೋಕ್ಸ್‌ವ್ಯಾಗನ್ನಿನ ಜೆಟ್ಟಾ ಕಾರು ಮಿತಿಗಿಂತ 15ರಿಂದ 35 ಪಟ್ಟು, ಪಸ್ಸಾಟ್ ಕಾರು 5ರಿಂದ 20 ಪಟ್ಟು ವಿಷಾನಿಲವನ್ನು ಕಾರುತ್ತಿದ್ದವು. ಅವೇ ಕಾರುಗಳು ಪ್ರಯೋಗಶಾಲೆಯ ಉರುಳೆಗಳ ಮೇಲೆ ಓಡಿದಾಗ ಸಾಧುಗಳಾಗಿದ್ದವು!

ಮರ್ಮ ಇದ್ದದ್ದು ಕಾರಿನೊಳಗಿನ ಪುಟ್ಟ ಗಣಕಯಂತ್ರದಲ್ಲಿ. ಪ್ರಯೋಗಶಾಲೆಯಲ್ಲಿ ಗಾಲಿಗಳು ತಿರುಗುತ್ತವೆ, ಸ್ಟಿಯರಿಂಗ್ ಚಕ್ರ ಮಾತ್ರ ಅಲುಗುವುದಿಲ್ಲ. ವೇಗದ ಏರಿಳಿತವೂ ಮೊದಲೇ ನಿಗದಿಯಾಗಿರುತ್ತದೆ. ಇದನ್ನು ಗುರುತಿಸಿ ‘ಪರೀಕ್ಷೆ ನಡೆಯುತ್ತಿದೆ’ ಎಂದು ಅರಿತ ಕೂಡಲೇ ಹೊಗೆಯನ್ನು ಶುದ್ಧಿಮಾಡುವ ವ್ಯವಸ್ಥೆ ಪೂರ್ತಿ ಕೆಲಸ ಮಾಡುವಂತೆಯೂ, ರಸ್ತೆಗಿಳಿದೊಡನೆ ಅದು ಸಡಿಲವಾಗುವಂತೆಯೂ ಆದೇಶಗಳನ್ನು ಬರೆದಿಡಲಾಗಿತ್ತು. ಪರೀಕ್ಷಾಧಿಕಾರಿ ಬಂದಾಗ ಪುಸ್ತಕ ತೆರೆದು ಕೂತು, ಹೋದ ಮೇಲೆ ಗೋಲಿಯಾಡುವ ಹುಡುಗನ ಜಾಣತನವೇ ಇದು. ಆದರೆ ಹುಡುಗನಿಗೆ ಹಾಗೆ ಮಾಡುವುದನ್ನು ಮನೆಯ ಹಿರಿಯರೇ ಕಲಿಸಿಕೊಟ್ಟಿದ್ದರು.

2014ರಲ್ಲಿ ವರದಿ ಪ್ರಕಟವಾದ ಬಳಿಕವೂ ಸಂಸ್ಥೆ ಒಂದು ವರ್ಷಕ್ಕೂ ಹೆಚ್ಚು ಕಾಲ ಏನೇನೋ ಸಮಜಾಯಿಷಿ ಹೇಳಿತು. ಹೊಸ ಕಾರುಗಳಿಗೆ ಅನುಮತಿ ಸಿಗದೆಂದಾದಾಗ ತಪ್ಪನ್ನು ಒಪ್ಪಿಕೊಂಡಿತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಿಷಯವನ್ನು ಬಹಿರಂಗಪಡಿಸಿತು. ಲೋಕದಾದ್ಯಂತ ಇಂಥ ಕಾರುಗಳು 1 ಕೋಟಿ 10 ಲಕ್ಷ ಇದ್ದವು. ಐದು ದಿನಗಳೊಳಗೆ ವಿಂಟರ್‌ಕಾರ್ನ್ ರಾಜೀನಾಮೆಯಿತ್ತರು, ತಮಗೇನೂ ತಿಳಿದಿರಲಿಲ್ಲವೆಂದರು. ಬಾಗಿಲ ಸಂದಿಯನ್ನು ಅಳೆಯುತ್ತಿದ್ದ ಕಣ್ಣಿಗೆ ಇದು ಬೀಳಲಿಲ್ಲವೆಂಬ ಮಾತನ್ನು ನಂಬಲು ಹಲವರಿಗೆ ಕಷ್ಟವಾಯಿತು.

ಭಾರತದಲ್ಲೂ ಸುಮಾರು 3,23,000 ಕಾರುಗಳನ್ನು ತಿದ್ದುಪಡಿಗಾಗಿ ಹಿಂದಕ್ಕೆ ಕರೆಯುವುದಾಗಿ ಆ ವರ್ಷದ ಡಿಸೆಂಬರಿನಲ್ಲಿ ಸಂಸ್ಥೆ ತಿಳಿಸಿತು. ಅಮೆರಿಕದಲ್ಲಿ ಲಕ್ಷಾಂತರ ಕಾರುಗಳನ್ನು ಹಣ ತೆತ್ತು ವಾಪಸು ಕೊಳ್ಳಬೇಕಾಯಿತು. ಕ್ಯಾಲಿಫೋರ್ನಿಯದ ಮರುಭೂಮಿಯ ಒಂದು ವಿಮಾನನಿಲ್ದಾಣದಲ್ಲಿ ಅವು ಸಾಲುಸಾಲಾಗಿ ಬಿಸಿಲಿಗೆ ನಿಂತವು. 2017ರಲ್ಲಿ ಸಂಸ್ಥೆ ಅಲ್ಲಿನ ನ್ಯಾಯಾಲಯದಲ್ಲಿ ಅಪರಾಧವನ್ನು ಒಪ್ಪಿ, ದಂಡಗಳೆಲ್ಲ ಸೇರಿ 430 ಕೋಟಿ ಡಾಲರ್ ತೆರಲು ಸಮ್ಮತಿಸಿತು. ಎಲ್ಲ ದೇಶಗಳ ದಂಡ, ಪರಿಹಾರ, ದುರಸ್ತಿಗಳ ವೆಚ್ಚ 3,000 ಕೋಟಿ ಯೂರೋಗಳನ್ನು ಮೀರಿತು.

ಇಷ್ಟಾದರೂ ಸಂಸ್ಥೆ ಮುಳುಗಲಿಲ್ಲ. ಅದು ಇಂದಿಗೂ ಲೋಕದ ಅತಿ ದೊಡ್ಡ ಮೋಟಾರು ತಯಾರಕರಲ್ಲಿ ಒಂದು. ವಿದ್ಯುತ್ ಕಾರುಗಳತ್ತ ಅದು ಇಷ್ಟು ಬಿರುಸಾಗಿ ತಿರುಗಿದ್ದಕ್ಕೆ ಡೀಸೆಲ್ಲಿನಲ್ಲಿ ಆದ ಮುಖಭಂಗವೂ ಒಂದು ಕಾರಣ. ಚೀನದ ಕಾರುಗಳ ಪೈಪೋಟಿ, ಖರ್ಚಿನ ಭಾರ ಇವುಗಳಿಂದ ತತ್ತರಿಸಿ 2024ರ ಡಿಸೆಂಬರಿನಲ್ಲಿ ಅದು ಕಾರ್ಮಿಕ ಸಂಘದೊಡನೆ ಒಪ್ಪಂದ ಮಾಡಿಕೊಂಡಿತು. 2030ರೊಳಗೆ ಜರ್ಮನಿಯಲ್ಲಿ 35,000ಕ್ಕೂ ಹೆಚ್ಚು ಹುದ್ದೆಗಳು ಇಲ್ಲವಾಗಲಿವೆ. ಹೊಗೆಯ ಆದೇಶಗಳನ್ನು ಬರೆಸಿದವರ ಕಾಲದ ಸಾಲವನ್ನು, ಅದರ ಸುಳಿವೂ ಇಲ್ಲದಿದ್ದ ಕಾರ್ಮಿಕರ ಮನೆಗಳೂ ತೀರಿಸುತ್ತಿವೆಯೆಂದರೆ ಅತಿಶಯೋಕ್ತಿಯಾಗದು.

ಸತ್ಯವನ್ನು ಅಳೆದು ತೋರಿಸಿದವರಿಗೆ ದೊರೆತದ್ದೇನು? ಹೇಮಂತ್ ಕಪ್ಪಣ್ಣ ಮುಂದೆ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯನ್ನು ಸೇರಿ, 2019ರಲ್ಲಿ ಅಲ್ಲಿ ಸಾವಿರಾರು ಮಂದಿಯನ್ನು ಕೆಲಸದಿಂದ ಬಿಡಿಸಿದಾಗ ತಾವೂ ಕೆಲಸ ಕಳೆದುಕೊಂಡು ಬೆಂಗಳೂರಿಗೆ ಹಿಂದಿರುಗಿದರು. ಜರ್ಮನಿಯಲ್ಲಿ ನ್ಯಾಯವಿಚಾರಣೆ ವರ್ಷಗಟ್ಟಲೆ ನಡೆಯಿತು. ವುಲ್ಫ್ಸ್‌ಬರ್ಗ್‌ಗೆ ಸಮೀಪದ ಬ್ರೌನ್‌ಶ್ವೈಗ್ ನಗರದ ನ್ಯಾಯಾಲಯ 2025ರ ಮೇ 26ರಂದು ಸಂಸ್ಥೆಯ ನಾಲ್ವರು ಮಾಜಿ ಅಧಿಕಾರಿಗಳನ್ನು ವಂಚನೆಯ ಅಪರಾಧಿಗಳೆಂದು ಸಾರಿ, ಇಬ್ಬರಿಗೆ ಸೆರೆವಾಸವನ್ನೂ ಇನ್ನಿಬ್ಬರಿಗೆ ಅಮಾನತಿನಲ್ಲಿಟ್ಟ ಶಿಕ್ಷೆಯನ್ನೂ ವಿಧಿಸಿತು.